ಕೆಂಪು-ಬಿಳಿ ಹಾಟ್‌ಪ್ಯಾಡ್ ಹಪ್ಪಳದ ಹಾಗೆ ಏಳುವುದು ಯಾಕೆ?

ಪ್ರಶ್ನೆ: ಅಕ್ಕಾ, ಹೋದ ತಿಂಗಳು ಶಿರಸಿಗೆ ಬಂದಾಗ ಮಾರಿಕಾಂಬಾ ಗುಡಿಯ ಗೋಡೆಯ ಮೇಲಿನ ಕಾವಿ ಚಿತ್ರ ನೋಡಿದೆ. ಅದೇ ಕೆಂಪು-ಬಿಳಿಯಲ್ಲಿ ಊಟದ ಮೇಜಿಗೆ ಒಂದು ದುಂಡಗಿನ ಹಾಟ್‌ಪ್ಯಾಡ್ (ಬಿಸಿ ಪಾತ್ರೆ ಹಿಡಿಯಲು, ಕೆಳಗಿಡಲು) ಹೆಣೆಯೋಣ ಅನ್ನಿಸಿತು. ಅಮ್ಮನ ಹಳೆಯ ಇಂಗ್ಲಿಷ್ ಕ್ರೋಶಾ ಪುಸ್ತಕ ನೋಡಿ ಸ್ಟಿಚ್ ಕಲಿತೆ. ಲೆಕ್ಕವನ್ನು ಯೂಟ್ಯೂಬ್ ನೋಡಿ ಬರೆದುಕೊಂಡೆ. ಒಂದೊಂದು ಸುತ್ತಿಗೆ 12, 24, 36, 48 ಸ್ಟಿಚ್ ಅಂತ ಸರಿಯಾಗೇ ಏರಿಸಿದ್ದೇನೆ. ಆದರೂ ನಾಲ್ಕನೇ ಸುತ್ತಿಗೆ ಅಂಚೆಲ್ಲ ಕರಿದ ಹಪ್ಪಳದ ಹಾಗೆ ಎದ್ದು ನಿಂತಿದೆ. ಬಣ್ಣ ಬದಲಿಸಿದ ಕಡೆ ಓರೆ ಗೆರೆ ಬಿದ್ದಿದೆ. ಅಂದಕ್ಕೆ ಅಂತ ಶೆಲ್ ಸ್ಟಿಚ್ ಹಾಕಿದೆ, ಅದರ ತೂತಿನಿಂದ ಬಿಸಿ ಕೈಗೆ ತಾಗುತ್ತದೆ. ತೊಳೆದ ಮೇಲೆ ಬಿಳಿಯೆಲ್ಲ ಗುಲಾಬಿ ಆಗಿದೆ. ಎಲ್ಲಿ ತಪ್ಪಿದೆ?
ಕುಮಟಾದ ಓದುಗಿ

ಉತ್ತರ: ತಂಗಿ, ನೀವು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ಎರಡು ಸಲ ನೋಡಿದೆ. ನಿಮ್ಮ ಕೈ ಚೆನ್ನಾಗಿದೆ. ಸ್ಟಿಚ್‌ಗಳೆಲ್ಲ ಒಂದೇ ಸಮ, ದಾರದ ಬಿಗಿಯೂ ಹದವಾಗಿದೆ. ಲೆಕ್ಕವೂ ತಪ್ಪಿಲ್ಲ. ತಪ್ಪಿರುವುದು ಹೆಸರು.

ಅಮ್ಮನ ಪುಸ್ತಕ ಬ್ರಿಟಿಷ್ ಹೆಸರು ಬಳಸುವಂಥದ್ದು. ನಮ್ಮ ಮನೆಗಳಲ್ಲಿರುವ ಹಳೆಯ ಕ್ರೋಶಾ ಪುಸ್ತಕಗಳಲ್ಲಿ ಜಾಸ್ತಿ ಇರುವುದೇ ಅದು. ಯೂಟ್ಯೂಬ್‌ನಲ್ಲಿ ಹೇಳಿಕೊಡುವವರು ಹೆಚ್ಚಾಗಿ ಅಮೆರಿಕದ ಹೆಸರು ಹೇಳುತ್ತಾರೆ. ಬ್ರಿಟಿಷರ ‘ಡಬಲ್ ಕ್ರೋಶಾ’ ಅಂದರೆ ಅಮೆರಿಕದವರ ‘ಸಿಂಗಲ್’. ಅಮೆರಿಕದವರ ‘ಡಬಲ್’ ಅಂದರೆ ಬ್ರಿಟಿಷರ ‘ಟ್ರೆಬಲ್’. ಹೆಸರು ಒಂದೇ, ಎತ್ತರ ಬೇರೆ. ನೀವು ಹೆಣೆದಿರುವುದು ಗಿಡ್ಡ ಸ್ಟಿಚ್, ಏರಿಸಿರುವುದು ಎತ್ತರದ ಸ್ಟಿಚ್ಚಿನ ಲೆಕ್ಕದಲ್ಲಿ. ಹಪ್ಪಳ ಆಗದೆ ಇನ್ನೇನಾದೀತು?

ಈ ಗೊಂದಲ ಬೇಡ ಅಂತ ನಾನು ಎರಡೂ ಊರಿನ ಹೆಸರು ಬಿಟ್ಟು, ನನಗೆ ಕಲಿಸಿದ ಕಾರವಾರದ ಅಜ್ಜಿಯೊಬ್ಬರ ಮಾತು ಹಿಡಿದುಕೊಂಡಿದ್ದೇನೆ. ಅವರು ಎತ್ತರದ ಸ್ಟಿಚ್ಚಿಗೆ ‘ಕಂಬ’ ಅನ್ನುತ್ತಿದ್ದರು. ಕಡ್ಡಿಗೆ (ಕ್ರೋಶಾ ಕೊಕ್ಕೆಗೆ) ಒಂದು ಸುತ್ತು ದಾರ ಸುತ್ತಿ, ತೂರಿಸಿ, ಎಳೆದು, ಎರಡೆರಡು ಕುಣಿಕೆಯಾಗಿ ಎರಡು ಸಲ ಬಿಡಿಸಿದರೆ ಒಂದು ಕಂಬ. ದಾರ ಸುತ್ತದೆ ನೇರ ತೂರಿಸಿ, ಎಳೆದು, ಎರಡೂ ಕುಣಿಕೆಯನ್ನು ಒಂದೇ ಸಲಕ್ಕೆ ಬಿಡಿಸಿದ್ದು ಸಿಂಗಲ್. ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಕಂಬ ಮತ್ತು ಸಿಂಗಲ್. ಪುಸ್ತಕ ಮುಚ್ಚಿಡಿ.

12 ಯಾಕೆ, 6 ಯಾಕೆ ಅಂತ ಒಮ್ಮೆ ತಿಳಿದುಕೊಂಡರೆ ಮುಂದೆ ಯಾವ ವಿಡಿಯೋನೂ ಬೇಕಾಗುವುದಿಲ್ಲ. ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕವೇ ಇದು. ವೃತ್ತದ ನಡುವಿನಿಂದ ಅಂಚಿಗೆ 1 ಸೆಂ.ಮೀ. ಜಾಸ್ತಿಯಾದರೆ ಸುತ್ತಳತೆ ಸುಮಾರು 6.28 ಸೆಂ.ಮೀ. ಜಾಸ್ತಿಯಾಗಬೇಕು. ಸಿಂಗಲ್ ಸ್ಟಿಚ್ ಎಷ್ಟು ಅಗಲವೋ ಹೆಚ್ಚುಕಡಿಮೆ ಅಷ್ಟೇ ಎತ್ತರ. ಹಾಗಾಗಿ ಒಂದು ಸುತ್ತಿಗೆ 6 ಸ್ಟಿಚ್ ಏರಿಸಿದರೆ ಸಾಕು. ಕಂಬ ತನ್ನ ಅಗಲಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರ. ಅದಕ್ಕೆ 12 ಬೇಕು. ಬೇಕಾದ್ದಕ್ಕಿಂತ ಜಾಸ್ತಿ ಏರಿಸಿದರೆ ಅಂಚಿನಲ್ಲಿ ಸ್ಟಿಚ್‌ಗಳಿಗೆ ಜಾಗ ಸಾಲದೆ ಮೇಲೆ ಕೆಳಗೆ ಏಳುತ್ತವೆ. ಕಡಿಮೆ ಮಾಡಿದರೆ ಅಂಚು ಒಳಗೆ ಎಳೆದು ಟೋಪಿಯಾಗುತ್ತದೆ. ನಿಮ್ಮ ಕೈ ಬಿಗಿಯೋ ಸಡಿಲವೋ ಅನ್ನುವುದರ ಮೇಲೆ ಒಂದೆರಡು ಸ್ಟಿಚ್ ಆಚೀಚೆ ಆಗಬಹುದು. ಆದರೆ ಆಗ ಲೆಕ್ಕಕ್ಕೆ ಕೈ ಹಾಕಬೇಡಿ, ಕಡ್ಡಿ ಬದಲಿಸಿ. ಟೋಪಿ ಆಗುತ್ತಿದ್ದರೆ ಅರ್ಧ ಮಿ.ಮೀ. ದಪ್ಪದ ಕಡ್ಡಿ, ಅಲೆ ಏಳುತ್ತಿದ್ದರೆ ಅಷ್ಟೇ ಸಣ್ಣದು.

ಇನ್ನೊಂದು, ತೊಡೆಯ ಮೇಲೆ ಇಟ್ಟುಕೊಂಡು ‘ಚಪ್ಪಟೆ ಇದೆ’ ಅಂದುಕೊಳ್ಳಬೇಡಿ. ತೊಡೆಯ ಮೇಲೆ ಎಲ್ಲವೂ ಚಪ್ಪಟೆಯೇ. ಪ್ರತಿ ಸುತ್ತು ಮುಗಿದ ಮೇಲೆ ನೆಲದ ಮೇಲೆ ಹಾಕಿ ಅಂಗೈಯಲ್ಲಿ ಒತ್ತಿ ಕೈ ತೆಗೆಯಿರಿ. ಎರಡನೇ ಸುತ್ತಿನಲ್ಲಿ ಸ್ವಲ್ಪ ಎದ್ದರೆ ತಲೆಬಿಸಿ ಬೇಡ, ಮುಂದಿನ ಸುತ್ತಿಗೆ ಕೂತುಕೊಳ್ಳುತ್ತದೆ. ಮೂರನೇ ಸುತ್ತಿನಲ್ಲೂ ಎದ್ದರೆ ಅಲ್ಲೇ ಬಿಚ್ಚಿ.

ಈಗ ದಾರದ ವಿಷಯ. ಫೋಟೋದಲ್ಲಿ ನಿಮ್ಮ ಬಿಳಿ ದಾರ ಸ್ವಲ್ಪ ಜೂಲುಜೂಲಾಗಿ ಹೊಳೆಯುತ್ತಿದೆ. ಅಂಗಡಿಯಲ್ಲಿ ‘ಉಲ್ಲನ್ ದಾರ’ ಅಂತ ಕೊಟ್ಟಿದ್ದು ಅಲ್ವಾ? ನಮ್ಮ ಅಂಗಡಿಗಳಲ್ಲಿ ಉಲ್ಲನ್ ಅಂತ ಮಾರುವುದು ಹೆಚ್ಚಿನ ಪಾಲು ಅಕ್ರಿಲಿಕ್, ಅಂದರೆ ಒಂದು ಜಾತಿಯ ಪ್ಲಾಸ್ಟಿಕ್. ಟೋಪಿಗೆ, ಮಗುವಿನ ಸ್ವೆಟರಿಗೆ ಅಡ್ಡಿಯಿಲ್ಲ. ಬಿಸಿ ಪಾತ್ರೆಗೆ ಖಂಡಿತ ಬೇಡ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಮದುವೆಯಾದ ಹೊಸತರಲ್ಲಿ ಅತ್ತಿಗೆಯ ಮನೆಗೆ ಅಂತ ಹಳದಿ-ಹಸಿರಿನಲ್ಲಿ ಭಾರಿ ಚೆಂದದ ಹಾಟ್‌ಪ್ಯಾಡ್ ಹೆಣೆದುಕೊಟ್ಟಿದ್ದೆ. ಅವರು ತೆಳ್ಳೇವು (ತೆಳು ದೋಸೆ) ಎರೆದು ಮುಗಿಸಿ ಕಾವಲಿಯನ್ನು ಒಲೆಯಿಂದ ಇಳಿಸಿ ನೇರ ಅದರ ಮೇಲಿಟ್ಟರು. ಐದು ನಿಮಿಷ ಬಿಟ್ಟು ಎತ್ತಿದರೆ ಹಾಟ್‌ಪ್ಯಾಡೂ ಜೊತೆಗೇ ಎದ್ದು ಬಂತು. ಹಳದಿ ಹೂವು ಕಾವಲಿಯ ತಳಕ್ಕೆ ಕರಗಿ ಅಂಟಿತ್ತು. ಅತ್ತಿಗೆ ನಕ್ಕರು, ಏನೂ ಅನ್ನಲಿಲ್ಲ. ನಾನು ಮಾತ್ರ ಮೂರು ದಿನ ಆ ಕಾವಲಿ ತಿಕ್ಕಿದ್ದೇನೆ.

ಅನುಮಾನ ಇದ್ದರೆ ದಾರದ ಎರಡಿಂಚು ತುಂಡನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟುಕೊಂಡು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಅಕ್ರಿಲಿಕ್ ಆದರೆ ಕರಗಿ ಮುದುಡಿ ತುದಿಯಲ್ಲಿ ಕಪ್ಪು ಮಣಿಯ ಹಾಗೆ ಗಟ್ಟಿಯಾಗುತ್ತದೆ. ಹತ್ತಿ ಅಂತ ಖಾತ್ರಿಯಾದದ್ದು ಮಾತ್ರ ಅಡುಗೆಮನೆಗೆ.

ಹೊಳಪಿನ ಹತ್ತಿ ದಾರ ಬೇಡ, ಹೊಳಪಿಲ್ಲದ, ಸ್ವಲ್ಪ ಉಬ್ಬಿದ ದಾರ ಒಳ್ಳೆಯದು. 3.5 ಮಿ.ಮೀ. ಕಡ್ಡಿಗೆ ಹೊಂದುವ ದಪ್ಪ ಇರಲಿ. ಒಂದೊಂದು ಬಣ್ಣದ್ದು 50 ಗ್ರಾಂ ತಂದರೆ 17-18 ಸೆಂ.ಮೀ. ಅಗಲದ ಒಂದು ಜೋಡಿಪದರದ ಹಾಟ್‌ಪ್ಯಾಡಿಗೆ ಸಾಕು. ಅಮ್ಮನ ಡಬ್ಬಿಯಲ್ಲಿ ಟಿವಿ ಹೊದಿಕೆ, ಬಾಗಿಲ ತೋರಣ ಹೆಣೆದು ಉಳಿದ ತೆಳ್ಳನೆ ದಾರ ಇದ್ದರೆ ಅದನ್ನೂ ಬಳಸಬಹುದು. ಮೂರು ಎಳೆ ಸೇರಿಸಿ ಹಿಡಿದು ಹೆಣೆಯಿರಿ. ಆದರೆ ಆ ಡಬ್ಬಿಯ ಸಣ್ಣ ಸ್ಟೀಲ್ ಕಡ್ಡಿಯಲ್ಲಿ ಹೆಣೆಯಲು ಹೋಗಬೇಡಿ, ಬೆರಳು ಹೋದೀತು.

ಬಣ್ಣ ಬಿಡುವ ವಿಷಯಕ್ಕೆ ಬರೋಣ. ಕೆಂಪು, ಮರೂನ್, ಗಾಢ ನೀಲಿ ಈ ಮೂರನ್ನೂ ಬಿಳಿಯ ಪಕ್ಕ ಹಾಕುವ ಮೊದಲು ಪರೀಕ್ಷೆ ಮಾಡಲೇಬೇಕು. ಒಂದು ಗೇಣು ದಾರ ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ಗಟ್ಟಿಯಾಗಿ ಒತ್ತಿ. ಕಲೆ ಬಿದ್ದರೆ ಆ ಉಂಡೆಯನ್ನು ಮೊದಲು ತೊಳೆಯಬೇಕು. ಉಂಡೆಯಾಗೇ ಮುಳುಗಿಸಬೇಡಿ, ಒಳಗೆ ನೀರೇ ಹೋಗುವುದಿಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ ದೊಡ್ಡ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ತಣ್ಣೀರಿನಲ್ಲಿ ಅದ್ದಿ ಅದ್ದಿ ತೆಗೆಯಿರಿ. ನೀರು ತಿಳಿಯಾಗುವ ತನಕ. ಉಪ್ಪು ಹಾಕಿ, ವಿನೆಗರ್ ಹಾಕಿ, ಬಣ್ಣ ಕೂರುತ್ತದೆ ಅಂತ ಹೇಳುವವರು ಬಹಳ. ಬಣ್ಣ ಹಾಕಿಯೇ ಬಂದ ಹತ್ತಿ ದಾರಕ್ಕೆ ಇವೆರಡೂ ಏನೂ ಮಾಡುವುದಿಲ್ಲ. ಉಪ್ಪನ್ನು ಉಪ್ಪಿನಕಾಯಿಗೆ ಇಟ್ಟುಕೊಳ್ಳಿ. ಗುಲಾಬಿಯಾದ ನಿಮ್ಮ ಬಿಳಿ ಮತ್ತೆ ಬಿಳಿ ಆಗುವುದು ಕಷ್ಟ. ಹೇಗೂ ಅದು ಅಕ್ರಿಲಿಕ್ ಇದ್ದ ಹಾಗಿದೆ. ಹೋಗಲಿ ಬಿಡಿ.

ಈಗ ನನಗೆ ಇಷ್ಟವಾದ ಭಾಗ. ನೀವು ಕಾವಿ ಚಿತ್ರ ನೋಡಿ ಶುರು ಮಾಡಿದೆ ಅಂದಿರಲ್ಲ, ಆ ಗೋಡೆಯನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಕಾವಿಯಲ್ಲಿ ಕೆಳಗೆ ಸುಣ್ಣದ ಗಾರೆ, ಅದರ ಮೇಲೆ ಕೆಂಪು ಪದರ. ಆ ಕೆಂಪನ್ನು ಮೊನೆಯಿಂದ ಕೆರೆದು ತೆಗೆದಾಗ ಕೆಳಗಿನ ಬಿಳಿ ಕಾಣುತ್ತದೆ. ಅಲ್ಲಿ ಬಿಳಿಯನ್ನು ಯಾರೂ ಬಳಿದದ್ದಲ್ಲ, ಅದು ತಳದಿಂದ ಬಂದದ್ದು. ಅದೇ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ. ಅಲ್ಲಿ ಬಿಳಿ ಮೇಲೆ ಕೂತದ್ದು. ಎರಡೂ ಕೆಂಪು-ಬಿಳಿಯೇ, ಕೆಲಸ ಮಾತ್ರ ಉಲ್ಟಾ.

ಕ್ರೋಶಾದಲ್ಲಿ ಕೆರೆದು ತೆಗೆಯಲು ಆಗುವುದಿಲ್ಲ. ಒಂದು ಬಣ್ಣದ ಮೇಲೆ ಇನ್ನೊಂದನ್ನು ಕೂರಿಸಬಹುದು ಅಷ್ಟೇ. ನೀವು ನೋಡಿದ್ದು ಕಾವಿಯಾದರೂ ನಿಮ್ಮ ಕೈ ಮಾಡುವುದು ಚಿತ್ತಾರ. ಇದನ್ನು ಯಾಕೆ ಹೇಳಿದೆ ಅಂದರೆ, ಹಾಟ್‌ಪ್ಯಾಡಿಗೆ ಅಲಂಕಾರದ ಸ್ಟಿಚ್ ಆರಿಸುವಾಗ ನನ್ನದು ಒಂದೇ ಪ್ರಶ್ನೆ: ಇದು ದಾರದ ಮೇಲೆ ದಾರ ಕೂರಿಸುತ್ತದೋ, ಅಥವಾ ದಾರ ಸರಿಸಿ ತೂತು ಮಾಡುತ್ತದೋ? ಶೆಲ್, ಜಾಳಿಗೆ, ಸರಪಳಿಯ ಕಮಾನು ಇವೆಲ್ಲ ತೂತಿನ ಜಾತಿ. ತೋರಣಕ್ಕೆ, ತಟ್ಟೆ ಮುಚ್ಚುವ ಬಟ್ಟೆಯ ಅಂಚಿಗೆ ಚೆಂದ. ಹಾಟ್‌ಪ್ಯಾಡಿನಲ್ಲಿ ಅದೇ ತೂತಿನಲ್ಲಿ ಬೆರಳು ಪಾತ್ರೆಗೆ ತಾಗುತ್ತದೆ. ನಿಮಗೆ ಆದದ್ದೂ ಅದೇ. ಕಂಬವನ್ನು ತಬ್ಬಿ ಎದ್ದು ನಿಲ್ಲುವ ಸ್ಟಿಚ್, ಕೆಳಗಿನ ಸುತ್ತಿಗೆ ಇಳಿಯುವ ಸ್ಪೈಕ್, ಗುಂಡಗಿನ ಪಾಪ್‌ಕಾರ್ನ್ ಇವು ದಪ್ಪ ಮಾಡುವ ಜಾತಿ. ಅಂದವೂ ಆಯಿತು, ಬಿಸಿಗೆ ತಡೆಯೂ ಆಯಿತು.

ತಬ್ಬುವ ಸ್ಟಿಚ್ಚಿಗೆ ಇಂಗ್ಲಿಷಿನಲ್ಲಿ ಫ್ರಂಟ್ ಪೋಸ್ಟ್ ಅನ್ನುತ್ತಾರೆ. ನಾನು ಕಲಿಸುವಾಗ ‘ತಬ್ಬುಕಂಬ’ ಅನ್ನುತ್ತೇನೆ. ಸಾಮಾನ್ಯ ಕಂಬವನ್ನು ಕೆಳಗಿನ ಕಂಬದ ತಲೆಗೆ, ಅಂದರೆ ಮೇಲೆ ಜಡೆಯ ಹಾಗೆ ಕಾಣುವ ಕುಣಿಕೆಗೆ, ಚುಚ್ಚುತ್ತೇವೆ. ತಬ್ಬುಕಂಬದಲ್ಲಿ ತಲೆಗೆ ಚುಚ್ಚುವುದಿಲ್ಲ. ದಾರ ಸುತ್ತಿದ ಕಡ್ಡಿಯನ್ನು ಕೆಳಗಿನ ಕಂಬದ ಬಲಗಡೆ ಮುಂದಿನಿಂದ ಹಿಂದಕ್ಕೆ ತೂರಿಸಿ, ಕಂಬದ ಹಿಂದಿನಿಂದ ದಾಟಿಸಿ, ಎಡಗಡೆ ಮತ್ತೆ ಮುಂದಕ್ಕೆ ತರಬೇಕು. ಕಂಬ ಈಗ ಕಡ್ಡಿಯ ಮೇಲೆ ಅಡ್ಡ ಕೂತಿರುತ್ತದೆ, ಮಗು ಸೊಂಟದ ಮೇಲೆ ಕೂತ ಹಾಗೆ. ಅಲ್ಲಿಂದ ದಾರ ಎಳೆದು ಮಾಮೂಲಿ ಕಂಬ ಮುಗಿಸಿ. ಎಳೆಯುವಾಗ ಆ ಮೊದಲ ಕುಣಿಕೆಯನ್ನು ಸ್ವಲ್ಪ ಜಾಸ್ತಿ ಉದ್ದ ಎಳೆಯಿರಿ. ಇಲ್ಲದಿದ್ದರೆ ತಬ್ಬುಕಂಬ ಗಿಡ್ಡವಾಗಿ ಸುತ್ತನ್ನೇ ಒಳಗೆ ಎಳೆದುಬಿಡುತ್ತದೆ. ಎಡಗೈಯವರು ಬಲ-ಎಡ ತಿರುಗಿಸಿಕೊಳ್ಳಿ.

ಬೇರೆ ಬಣ್ಣದ ಸುತ್ತಿನಲ್ಲಿ ಇದನ್ನು ಮಾಡಿದಾಗ ಏನಾಗುತ್ತದೆ ನೋಡಿ. ಬಿಳಿ ತಬ್ಬುಕಂಬ ಕೆಳಗಿನ ಕೆಂಪು ಪಟ್ಟಿಯೊಳಗೆ ಅರ್ಧದಷ್ಟು ಇಳಿದು ಎದ್ದು ಕಾಣುತ್ತದೆ. ಮುಂದಿನ ಸುತ್ತಿನಲ್ಲಿ ಕೆಂಪು ತಬ್ಬುಕಂಬ ಆ ಬಿಳಿಯನ್ನೇ ತಬ್ಬಿ ಮೇಲೇಳುತ್ತದೆ. ಹೀಗೆ ನಡುವಿನಿಂದ ಅಂಚಿಗೆ 12 ಏಣುಗಳು, ಪ್ರತಿಯೊಂದೂ ಕೆಂಪು-ಬಿಳಿ ಕೆಂಪು-ಬಿಳಿ. ಚಕ್ರದ ಅರಗಳ ಹಾಗೆ.

ಲೆಕ್ಕ ಹೀಗೆ. ಬರೆದುಕೊಳ್ಳಿ.

ಮೊದಲ ಸುತ್ತು ಕೆಂಪು. ದಾರವನ್ನು ಬೆರಳಿಗೆ ಸುತ್ತಿ ಎಳೆದರೆ ಮುಚ್ಚುವ ಉಂಗುರ ಮಾಡಿ, ಅದರೊಳಗೆ 12 ಕಂಬ. ಮೊದಲ ಕಂಬದ ಬದಲು 3 ಸರಪಳಿ (ಕುಣಿಕೆಯೊಳಗಿಂದ ಕುಣಿಕೆ ಎಳೆದದ್ದು) ಹಾಕಿದರೆ ಅದೂ ಒಂದು ಕಂಬದ ಲೆಕ್ಕ. ಉಂಗುರದ ಬಾಲ ಎಳೆದು ನಡುವಿನ ತೂತು ಪೂರ್ತಿ ಮುಚ್ಚಿ. 4 ಸರಪಳಿ ಕೂಡಿಸಿ ಶುರು ಮಾಡುವ ಹಳೆಯ ರೂಢಿಯಲ್ಲಿ ನಡುವೆ ತೂತು ಉಳಿಯುತ್ತದೆ, ಪಾತ್ರೆಯ ಬಿಸಿ ಅಲ್ಲಿಂದಲೇ ಮೇಜಿಗೆ ಹೋಗುತ್ತದೆ.

ಎರಡನೇ ಸುತ್ತು ಬಿಳಿ. ಕೆಳಗಿನ ಪ್ರತಿ ಕಂಬದ ತಲೆಗೆ ಒಂದು ಕಂಬ, ಅದೇ ಕಂಬವನ್ನು ತಬ್ಬಿ ಒಂದು ತಬ್ಬುಕಂಬ. ಒಟ್ಟು 24. ಇಲ್ಲಿ ಏರಿಕೆಯ ಕೆಲಸವನ್ನು ಅಲಂಕಾರವೇ ಮಾಡಿತು, ಗಮನಿಸಿದಿರಾ? ಮೂರನೇ ಸುತ್ತು ಕೆಂಪು. ಸಾದಾ ಕಂಬದ ತಲೆಗೆ 2 ಕಂಬ, ತಬ್ಬುಕಂಬದ ಮೇಲೆ ತಬ್ಬುಕಂಬ. 36. ಇಲ್ಲಿಂದ ಮುಂದೆ ಎರಡು ಏಣುಗಳ ನಡುವೆ ಪ್ರತಿ ಸುತ್ತಿಗೂ ಒಂದು ಕಂಬ ಜಾಸ್ತಿ ಮಾಡುತ್ತಾ ಹೋಗುವುದಷ್ಟೇ. ನಾಲ್ಕನೆಯದು ಬಿಳಿ, ನಡುವೆ 3, ಒಟ್ಟು 48. ಐದನೆಯದು ಕೆಂಪು, ನಡುವೆ 4, ಒಟ್ಟು 60. ಆರನೆಯದು ಬಿಳಿ, ನಡುವೆ 5, ಒಟ್ಟು 72. ಏರಿಸುವಾಗ ಒಂದೇ ತಲೆಗೆ 2 ಕಂಬ ಹಾಕುವ ಜಾಗವನ್ನು ಒಂದು ಸುತ್ತಿನಲ್ಲಿ ಏಣಿನ ಪಕ್ಕ, ಮುಂದಿನ ಸುತ್ತಿನಲ್ಲಿ ನಡುವೆ ಇಟ್ಟುಕೊಳ್ಳಿ. ಯಾವಾಗಲೂ ಒಂದೇ ಜಾಗದಲ್ಲಿ ಏರಿಸಿದರೆ ಅಲ್ಲೊಂದು ಮೂಲೆ ಬಂದು ದುಂಡಗಿನದು ಹನ್ನೆರಡು ಮೂಲೆಯದಾಗುತ್ತದೆ.

ಎಣಿಸುವುದೂ ಸುಲಭ. 72ನ್ನು ಎಣಿಸಲು ಯಾರಿಗೆ ಪುರುಸೊತ್ತಿದೆ? ಏಣು 12 ಇವೆಯಾ, ಪ್ರತಿ ಏಣಿನ ನಡುವೆ ಸರಿಯಾದ ಸಂಖ್ಯೆ ಇದೆಯಾ ಅಂತ ಮಾತ್ರ ನೋಡಿ. ತಪ್ಪಿದ್ದರೆ ಯಾವ ಭಾಗದಲ್ಲಿ ಅಂತ ಅಲ್ಲೇ ಗೊತ್ತಾಗುತ್ತದೆ.

ಓರೆ ಗೆರೆ ಯಾಕೆ ಬಿತ್ತು? ಕ್ರೋಶಾದಲ್ಲಿ ಸ್ಟಿಚ್ಚಿನ ತಲೆ ಅದರ ಕಾಲಿನ ನೇರಕ್ಕೆ ಕೂರುವುದಿಲ್ಲ, ಒಂದು ಚೂರು ಪಕ್ಕಕ್ಕೆ ಸರಿದಿರುತ್ತದೆ. ಪ್ರತಿ ಸುತ್ತನ್ನೂ ಅದೇ ಜಾಗದಲ್ಲಿ ಕೂಡಿಸಿ, ಅಲ್ಲಿಂದಲೇ 3 ಸರಪಳಿ ಹಾಕಿ ಮೇಲೇರಿದರೆ ಆ ಚೂರು ಚೂರು ಸೇರಿ ಓರೆ ಗೆರೆ. ಎರಡು ಬಣ್ಣ ಇದ್ದಾಗಂತೂ ಎದ್ದು ಕಾಣುತ್ತದೆ. ಮದ್ದು ಸುಲಭ. ಸುತ್ತು ಮುಗಿದ ಮೇಲೆ ದಾರ ಕತ್ತರಿಸಿ, ಒಂದು ಗೇಣು ಬಾಲ ಬಿಡಿ. ಮುಂದಿನ ಬಣ್ಣವನ್ನು ಬೇರೆ ಯಾವುದಾದರೂ ಏಣಿನ ಪಕ್ಕದ ಸಾದಾ ಕಂಬದಿಂದ ಶುರು ಮಾಡಿ. 3 ಸರಪಳಿಯೂ ಬೇಡ. ಕಡ್ಡಿಯ ಮೇಲೆ ಹೊಸ ಬಣ್ಣದ ಜಾರುಗಂಟು ಹಾಕಿಕೊಂಡು, ದಾರ ಸುತ್ತಿ, ನೇರ ಆ ತಲೆಗೆ ಚುಚ್ಚಿ ಒಂದು ಪೂರ್ತಿ ಕಂಬ ಮಾಡಿ. ಮೊದಲ ಸಲ ಗಂಟು ಕಡ್ಡಿಯ ಮೇಲೆ ತಿರುಗಿ ಕಾಟ ಕೊಡುತ್ತದೆ, ತೋರುಬೆರಳಿನಲ್ಲಿ ಒತ್ತಿ ಹಿಡಿದುಕೊಳ್ಳಿ. ಸುತ್ತಿನ ಕೊನೆಗೆ ಈ ಕಂಬದ ತಲೆಗೆ ಸ್ಲಿಪ್ ಸ್ಟಿಚ್ (ತೂರಿಸಿ ಎಳೆದ ದಾರವನ್ನು ಕಡ್ಡಿಯ ಮೇಲಿನ ಕುಣಿಕೆಯಿಂದಲೂ ನೇರ ಎಳೆದುಬಿಡುವುದು) ಹಾಕಿ ಕೂಡಿಸಿದರೆ ಎಲ್ಲಿ ಶುರುವಾಯಿತು ಅಂತ ನಿಮಗೇ ಹುಡುಕಲು ಆಗಬಾರದು.

‘ಪ್ರತಿ ಸುತ್ತಿಗೂ ಕತ್ತರಿಸಿದರೆ ಬಾಲಗಳ ರಾಶಿ ಆಗುತ್ತದಲ್ಲ’ ಅಂತ ಎಲ್ಲರೂ ಗೊಣಗುತ್ತಾರೆ. ಆಗುತ್ತದೆ. ಆದರೆ ನಾವು ಮಾಡುವುದು ಜೋಡಿಪದರ, ಬಾಲಗಳೆಲ್ಲ ಒಳಗೇ ಅಡಗುತ್ತವೆ. ಅದೇ ಬಣ್ಣದ ಕಂಬಗಳ ಹಿಂದೆ ಸೂಜಿಯಲ್ಲಿ ಒಮ್ಮೆ ಆಚೆ, ಒಮ್ಮೆ ಈಚೆ, ಮತ್ತೊಮ್ಮೆ ಆಚೆ ಓಡಿಸಿ ಕತ್ತರಿಸಿ. ಹತ್ತಿ ಜಾರುತ್ತದೆ, ಒಂದೇ ಕಡೆ ಓಡಿಸಿದರೆ ಎರಡು ಸಲ ತೊಳೆಯುವಷ್ಟರಲ್ಲಿ ಹೊರಗೆ ಬರುತ್ತದೆ. ಕ್ರೋಶಾದಲ್ಲಿ ಗಂಟು ಹಾಕಬಾರದು ಅಂತ ಹಿರಿಯರು ಬೈಯುತ್ತಾರೆ. ಒಳಗೆ ಅಡಗುವ ಜಾಗದಲ್ಲಿ ಒಂದು ಸಣ್ಣ ಗಂಟು ನಾನು ಹಾಕುತ್ತೇನಪ್ಪ.

ಪಾಪ್‌ಕಾರ್ನ್ ಹಾಕುವ ಆಸೆ ನಿಮಗೆ ಬಂದೇ ಬರುತ್ತದೆ, ಎಲ್ಲರಿಗೂ ಬರುತ್ತದೆ. ಒಂದೇ ತಲೆಗೆ 5 ಕಂಬ ಹಾಕಿ, ಕಡ್ಡಿ ತೆಗೆದು, ಮೊದಲ ಕಂಬದ ತಲೆಗೆ ಚುಚ್ಚಿ, ಬಿಟ್ಟ ಕುಣಿಕೆಯನ್ನು ಅದರೊಳಗಿಂದ ಎಳೆದರೆ ಗುಂಡಗೆ ಉಬ್ಬುತ್ತದೆ. ಐದನೇ ಸುತ್ತಿನಲ್ಲಿ ತಬ್ಬುಕಂಬದ ಬದಲು 12 ಪಾಪ್‌ಕಾರ್ನ್ ಹಾಕಬಹುದು. ಆಗ ಆರನೇ ಸುತ್ತಿನಲ್ಲಿ ಅದರ ತಲೆಗೆ ಸಾದಾ ಕಂಬ. ಎರಡು ಎಚ್ಚರಿಕೆ. ಉಬ್ಬು ಬಿಗಿಯಾಗಲಿ ಅಂತ ಕೊನೆಗೆ ಒಂದು ಸರಪಳಿ ಹಾಕುತ್ತೇವೆ, ಮುಂದಿನ ಸುತ್ತಿನಲ್ಲಿ ಅದನ್ನು ಒಂದು ಸ್ಟಿಚ್ ಅಂತ ಎಣಿಸಿದರೆ 12 ಜಾಸ್ತಿಯಾಗಿ ಮತ್ತೆ ಹಪ್ಪಳ. ಇನ್ನೊಂದು, ಹಾಟ್‌ಪ್ಯಾಡಿನ ನಡುವೆ ಮಾತ್ರ ಪಾಪ್‌ಕಾರ್ನ್ ಹೂವು ಮಾಡಬೇಡಿ. ಫೋಟೋಗೆ ಚೆಂದ. ಅದರ ಮೇಲೆ ಸಾರಿನ ಪಾತ್ರೆ ಇಟ್ಟರೆ ಒಂದು ಕಡೆ ವಾಲಿ ನಿಲ್ಲುತ್ತದೆ. ಸೌಟು ಹಾಕಿದ ಕೂಡಲೇ ಸಾರು ಮೇಜಿನ ಮೇಲೆ. ಸುತ್ತಲೂ ಒಂದೇ ಎತ್ತರದ 12 ಉಬ್ಬು ಇದ್ದರೆ ಪಾತ್ರೆ ಸಮನಾಗಿ ಕೂರುತ್ತದೆ, ಕೆಳಗೆ ಗಾಳಿಯೂ ಆಡುತ್ತದೆ.

ಹಿಂಬದಿಗೆ ಅಲಂಕಾರ ಬೇಡ. ಕೆಂಪೊಂದರಲ್ಲೇ ಸಾದಾ ಕಂಬ, 12ರಿಂದ 72ರ ತನಕ, ಅದೇ 6 ಸುತ್ತು. ತಬ್ಬುಕಂಬ ಸ್ವಲ್ಪ ಒಳಗೆ ಎಳೆಯುವುದರಿಂದ ಮುಂಬದಿ ಒಂದು ಚೂರು ಚಿಕ್ಕದಾಗಬಹುದು. ಹಿಂಬದಿಯನ್ನು 3 ಮಿ.ಮೀ. ಕಡ್ಡಿಯಲ್ಲಿ ಹೆಣೆದರೆ ಸರಿಹೋಗುತ್ತದೆ. ನಡುವೆ ಇನ್ನೂ ಒಂದು ಪದರ ಬೇಕಾದರೆ ಹಳೆಯ ಹತ್ತಿ ಪಂಚೆಯ ತುಂಡು ದುಂಡಗೆ ಕತ್ತರಿಸಿ ಇಡಿ. ದಿಂಬಿನ ಪಾಲಿಯೆಸ್ಟರ್ ತುಂಬಬೇಡಿ, ಅದೂ ಕರಗುವ ಜಾತಿಯೇ.

ಎರಡೂ ತುಂಡುಗಳ ಒಳಬದಿ ಒಂದಕ್ಕೊಂದು ಮುಖ ಮಾಡಿರಲಿ. ಮುಂಬದಿ ನಿಮ್ಮ ಕಡೆಗೆ. ಕೆಂಪು ದಾರದಲ್ಲಿ ಎರಡೂ ಪದರದ ತಲೆಗಳನ್ನು ಸೇರಿಸಿ ಚುಚ್ಚಿ ಸಿಂಗಲ್ ಹಾಕುತ್ತಾ ಹೋಗಿ, 72. ಎರಡರಲ್ಲೂ ಸಂಖ್ಯೆ ಒಂದೇ ಇಟ್ಟದ್ದು ಇದಕ್ಕೇ. ಪ್ರತಿ ಏಣು ಬಂದಾಗ ಸಿಂಗಲ್ಲನ್ನು ತಲೆಗೆ ಹಾಕದೆ, ಒಂದು ಸುತ್ತು ಕೆಳಗೆ, ಬಿಳಿ ಪಟ್ಟಿಯ ಬುಡಕ್ಕೆ ಎರಡೂ ಪದರ ದಾಟಿ ಚುಚ್ಚಿ. ದಾರವನ್ನು ಅಂಚಿನ ಎತ್ತರಕ್ಕೆ ನಿಧಾನ ಎಳೆದು ಮುಗಿಸಿ. ಇದೇ ಸ್ಪೈಕ್. ಬಿಳಿಯ ಮೇಲೆ 12 ಕೆಂಪು ಗೆರೆ ಇಳಿದ ಹಾಗೆ ಕಾಣುತ್ತದೆ. ಜೊತೆಗೆ ಕೌದಿಗೆ ಹೊಲಿಗೆ ಹಾಕಿದ ಹಾಗೆ ಎರಡು ಪದರ ಜಾರದಂತೆ ಹಿಡಿದುಕೊಳ್ಳುತ್ತದೆ. ದಾರವನ್ನು ಅಷ್ಟು ಉದ್ದ ಎಳೆಯದೆ ಬಿಗಿ ಮಾಡಿದರೆ ಅಂಚು ಮುದುಡುತ್ತದೆ. ಸ್ಪೈಕ್ ಕೆಡುವುದು ಹೆಚ್ಚಾಗಿ ಅಲ್ಲೇ.

ಕೊನೆಯ ಅಂಚಿಗೆ ಏಡಿ ಸ್ಟಿಚ್. ಸಿಂಗಲ್ಲೇ, ಆದರೆ ಉಲ್ಟಾ ದಿಕ್ಕಿಗೆ. ಬಲಗೈಯವರು ಯಾವಾಗಲೂ ಬಲದಿಂದ ಎಡಕ್ಕೆ ಹೆಣೆಯುತ್ತಾರೆ, ಇದನ್ನು ಎಡದಿಂದ ಬಲಕ್ಕೆ. ಕುಮಟಾದವರಿಗೆ ಏಡಿ ಹೇಗೆ ನಡೆಯುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಮೊದಲ ಹತ್ತು ಸ್ಟಿಚ್ ಕೈಗೆ ಸಿಟ್ಟು ಬರುತ್ತದೆ, ಆಮೇಲೆ ತಾನಾಗಿ ಓಡುತ್ತದೆ. ಹಗ್ಗ ಹೊಸೆದ ಹಾಗೆ ಗಟ್ಟಿ ಅಂಚು ಬರುತ್ತದೆ, ತೂತಿಲ್ಲ, ಶೆಲ್ಲಿನ ಹಾಗೆ ಮಡಚಿಕೊಳ್ಳುವುದೂ ಇಲ್ಲ. ನೇತುಹಾಕಲು ಕೊನೆಗೆ 12 ಸರಪಳಿಯ ಒಂದು ಕುಣಿಕೆ ಮಾಡಿ, ಅದರ ಮೇಲೆ ಒತ್ತೊತ್ತಾಗಿ ಸಿಂಗಲ್ ತುಂಬಿಸಿ.

ಆ ಕುಣಿಕೆ ಚೆಂದಕ್ಕಲ್ಲ. ನಮ್ಮ ಮಳೆಗಾಲದಲ್ಲಿ ಹತ್ತಿ ಬೇಗ ಒಣಗುವುದಿಲ್ಲ, ಗೊತ್ತಲ್ಲ. ಮೇಲೆ ಒಣಗಿದ ಹಾಗೆ ಕಂಡರೂ ಎರಡು ಪದರದ ನಡುವೆ ತೇವ ಇರುತ್ತದೆ. ಒದ್ದೆ ಹಾಟ್‌ಪ್ಯಾಡಿನಲ್ಲಿ ಬಿಸಿ ಪಾತ್ರೆ ಹಿಡಿಯುವುದು ಬರಿಗೈಯಲ್ಲಿ ಹಿಡಿದ ಹಾಗೆಯೇ. ಬಿಸಿ ತಡೆಯುವುದು ದಾರದ ನಡುವೆ ಸಿಕ್ಕ ಗಾಳಿ. ಆ ಜಾಗಕ್ಕೆ ನೀರು ಬಂದರೆ ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಬಿಸಿ ದಾಟಿಸುತ್ತದೆ, ಮೇಲಿಂದ ಉಗಿಯೂ ಏಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಎರಡು ಹಾಟ್‌ಪ್ಯಾಡ್ ಇಟ್ಟುಕೊಳ್ಳಿ. ಒಂದು ಬಳಕೆಗೆ, ಒಂದು ಒಲೆಯ ಹತ್ತಿರದ ಮೊಳೆಗೆ. ಅಂದ ಹಾಗೆ, ಸೌದೆ ಒಲೆಯ ಮಸಿ ಪಾತ್ರೆಗೆ ಬಿಳಿ ಹಾಟ್‌ಪ್ಯಾಡ್ ಕೊಡಬೇಡಿ. ಅದಕ್ಕೆ ಮಸಿಬಟ್ಟೆಯೇ ಸರಿ.

ಇನ್ನು ನಿಮ್ಮ ಮನೆಯಲ್ಲಿ ಮೀನು ಸಾರು ಮಾಡುವ ಮಣ್ಣಿನ ಗಡಿಗೆ ಇದ್ದರೆ, ಅದರ ತಳ ದುಂಡಗೆ, ಚಪ್ಪಟೆ ಹಾಟ್‌ಪ್ಯಾಡಿನ ಮೇಲೆ ಉರುಳಾಡುತ್ತದೆ. ಅದಕ್ಕೆ ಬೇಕಿರುವುದು ಗಡಿಗೆಯ ತಳ ಹಿಡಿಯುವ ಸಿಂಬೆ. ಆ ಕೆಲಸಕ್ಕೆ ಬೇಕೆಂದೇ ಟೋಪಿ ಮಾಡಿಕೊಳ್ಳಬಹುದು. ಹತ್ತಿ ದಾರದಲ್ಲೇ, 4 ಸುತ್ತು ಮಾಮೂಲಿ ಏರಿಸಿ 48ಕ್ಕೆ ನಿಲ್ಲಿಸಿ, ಮುಂದಿನ 2 ಸುತ್ತು ಏರಿಸದೆ 48ರಲ್ಲೇ ಹೆಣೆಯಿರಿ. ಅಂಚು ತಾನಾಗಿ ಮೇಲೆದ್ದು ಗಡಿಗೆಯ ತಳವನ್ನು ಹಿಡಿದುಕೊಳ್ಳುತ್ತದೆ.

ನಿಮ್ಮ ಹಳೆಯದನ್ನು ಬಿಚ್ಚಿ ಆ ದಾರವನ್ನು ಹೂಕುಂಡದ ಕೆಳಗಿಡುವ ಚಾಪೆಗೆ ಬಳಸಿ. ಸಿಂಗಲ್ಲಿನಲ್ಲೇ, ಈ ಸಲ 6ರ ಲೆಕ್ಕದಲ್ಲಿ.